ನೂರಿಪ್ಪತ್ತು ಎಡತೋಳು

ನನ್ನ ಅಕ್ಕನ ಗಂಡನನ್ನು ಕೆಲಸದ ಕಡೆ ಎಲ್ಲರೂ ಕತ್ತರಿ ಮಾಸ್ತರು ಎಂದೇ ಕರೆಯುತ್ತಿದ್ದರು. ಬಟ್ಟೆ ಕತ್ತರಿಸುವುದು ಅವರ ಕೆಲಸ ಎನ್ನುವುದು ಅದಕ್ಕೆ ಅರ್ಧ ಕಾರಣ. ಉಳಿದರ್ಧ ಅವರ ನಾಲಿಗೆ. ಎದುರಿಗೆ ಬಂದು ನಿಂತವರ ಭುಜವನ್ನು ಒಂದು ಸಲ ನೋಡಿ, "ಎಡಗಡೆ ಅರ್ಧ ಇಂಚು ಇಳಿದಿದೆ, ಕಂಡಕಂಡ ಗೋಡೆಗೆ ಒರಗಿ ನಿಂತ್ರೆ ಹೀಗೇ ಆಗೋದು" ಎಂದುಬಿಡುವರು. ಅಳತೆ ಮಾತ್ರ ತಪ್ಪುತ್ತಿರಲಿಲ್ಲ, ಕಷ್ಟ ಇದ್ದದ್ದೇ ಅಲ್ಲಿ. ಅಕ್ಕನ ಜೊತೆ ಮೊದಲ ಸಲ ನಮ್ಮ ಮನೆಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವಳಿಗೆ ಕಾಲರ್ ಹೊಲಿಯೋದು ಕಷ್ಟ, ಕುತ್ತಿಗೆಗಿಂತ ಬಾಯಿ ದೊಡ್ಡದಿದೆ" ಎಂದರು. ಅವತ್ತಿನಿಂದ ಭಾವನಿಗೂ ನನಗೂ ಹಾವು ಮುಂಗುಸಿ.

ಆದರೆ ನನ್ನ ಗಂಡ ತೀರಿಕೊಂಡಾಗ ಹಿಂದುಮುಂದು ನೋಡದೆ ನನ್ನನ್ನು ಮನೆಗೆ ಕರೆತಂದವರೂ ಅವರೇ. ಹಿಂದಿನ ಕೋಣೆಯಲ್ಲಿದ್ದ ಕೆಟ್ಟ ಹೊಲಿಗೆ ಯಂತ್ರವನ್ನೂ ಬಟ್ಟೆ ಚೂರಿನ ಮೂಟೆಗಳನ್ನೂ ಒಂದೇ ದಿನದಲ್ಲಿ ಖಾಲಿ ಮಾಡಿ, ಕಿಟಕಿಗೆ ತಾವೇ ಪರದೆ ಹೊಲಿದು ಹಾಕಿದರು. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ, "ಉಪಕಾರ ಗಿಪಕಾರ ಅಂದ್ಕೋಬೇಡ. ನಿನ್ನ ಅಕ್ಕನ ಜೊತೆ ಜಗಳ ಆಡೋಕೆ ನನಗೆ ಪುರುಸೊತ್ತಿಲ್ಲ, ಇನ್ಮೇಲೆ ಆ ಕೆಲಸ ನಿನ್ನದು" ಎಂದರು. ಮುಂದಿನ ವಾರ ತಮ್ಮದೇ ಕಾರ್ಖಾನೆಯಲ್ಲಿ ನನಗೆ ಇಸ್ತ್ರಿ ಮೇಜಿನ ಕೆಲಸವನ್ನೂ ಕೊಡಿಸಿದರು. ಬೇಗ ಕಾಯುತ್ತೇನೆ ಎಂದು ಅಲ್ಲಿ ನನಗೆ ಇಸ್ತ್ರಿಪೆಟ್ಟಿಗೆ ಎಂದು ಹೆಸರಿಟ್ಟರು. ಅದು ಇಂದಿಗೂ ಅಂಟಿಕೊಂಡೇ ಇದೆ.

ಕಾರ್ಖಾನೆ ಎಂದರೆ ಬಹಳ ದೊಡ್ಡದೇನಲ್ಲ. ಎರಡನೆಯ ಮಹಡಿಯಲ್ಲಿ ಒಂದೇ ಉದ್ದನೆಯ ಹಜಾರ, ಮೂವತ್ತೆಂಟು ಜನ. ಬೀದಿಯ ಕಡೆಯ ಕಿಟಕಿಗಳ ಕೆಳಗೆ ಎರಡು ಸಾಲು ಹೊಲಿಗೆ ಯಂತ್ರಗಳು, ಒಳಗೋಡೆಯ ಉದ್ದಕ್ಕೂ ಕತ್ತರಿಸುವ ಮೇಜು, ಅದರ ತುದಿಯಿಂದ ನಾಲ್ಕು ಹೆಜ್ಜೆಗೆ ನನ್ನ ಇಸ್ತ್ರಿ ಮೇಜು. ಗೋಡೆಯ ಕೊಕ್ಕೆಗಳಲ್ಲಿ ಕಂದು ಕಾಗದದ ನಕ್ಷೆಗಳು ನೇತಾಡುತ್ತಿದ್ದವು: ಬೆನ್ನು, ಎದೆ, ತೋಳು, ಕಾಲರ್. ಆಸ್ಪತ್ರೆ, ಶಾಲೆ, ಹೋಟೆಲುಗಳ ಸಮವಸ್ತ್ರ ಹೊಲಿಯುವುದು ನಮ್ಮ ಕಸುಬು. ಇಪ್ಪತ್ತೆರಡು ವರ್ಷ ಆ ಮೇಜಿಗೆ ಭಾವನೇ ರಾಜ.

ರಾಜನಿಗೆ ಒಬ್ಬಳು ಮಂತ್ರಿ ಇದ್ದಳು. ಅವಳು ಉದ್ದಕ್ಕ. ಆರಡಿಗೆ ಎರಡೇ ಬೆರಳು ಕಡಿಮೆ, ತೋಳುಗಳು ಮೊಣಕಾಲು ಮುಟ್ಟುವಷ್ಟು. ಬಟ್ಟೆ ಹಾಸುವ ಕೆಲಸಕ್ಕೆಂದೇ ಹುಟ್ಟಿದವಳು. ಸುರುಳಿಯನ್ನು ಹಿಡಿದು ಮೇಜಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಒಂದರ ಮೇಲೊಂದು ಪದರ ಹಾಸುತ್ತ ದಿನವಿಡೀ ನಡೆಯುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಒಂದು ಸುಕ್ಕು ಬಿಟ್ಟವಳಲ್ಲ. ಹೆಚ್ಚು ಮಾತಿಲ್ಲ, ನಗುವುದು ಮಾತ್ರ ಧಾರಾಳ. ಒಂದೇ ಒಂದು ಭಯ ಅವಳಿಗೆ. ಅವಳ ತಾಯಿಗೆ ಮರೆವಿನ ಕಾಯಿಲೆ ಬಂದು, ಕೊನೆಯ ಮೂರು ವರ್ಷ ಮಗಳನ್ನೇ "ಯಾರಮ್ಮ ನೀನು?" ಎಂದು ಕೇಳುತ್ತಿದ್ದಳಂತೆ. ಚಹಾದ ಹೊತ್ತಿನಲ್ಲಿ ಚಮಚ ಎಲ್ಲಿಟ್ಟೆ ಎಂದು ಮರೆತರೂ ಉದ್ದಕ್ಕನ ಮುಖ ಇಳಿದುಹೋಗುತ್ತಿತ್ತು. "ನಂಗೂ ಶುರುವಾಯ್ತೇನೋ" ಎನ್ನುವಳು. ನಾವು ನಕ್ಕು ಸುಮ್ಮನಾಗಿಸುತ್ತಿದ್ದೆವು.

ಮುಂದಿನ ಕಥೆ ತಿಳಿಯಬೇಕಾದರೆ ಬಟ್ಟೆ ಹಾಸುವ ಬಗೆ ಸ್ವಲ್ಪ ತಿಳಿದಿರಬೇಕು. ಬಟ್ಟೆಗೆ ಹೊರಮೈ, ಒಳಮೈ ಎಂದು ಎರಡಿರುತ್ತವೆ. ಒಂದು ಪದರದ ಹೊರಮೈ ಮೇಲೆ, ಮುಂದಿನದರ ಹೊರಮೈ ಕೆಳಗೆ, ಹೀಗೆ ಮುಖಕ್ಕೆ ಮುಖ ಹಾಸಿದರೆ ಒಂದೇ ತೋಳಿನ ನಕ್ಷೆ ಇಟ್ಟು ಕತ್ತರಿಸಿದರೂ ಅರ್ಧ ಎಡತೋಳು, ಅರ್ಧ ಬಲತೋಳು ಸಿಗುತ್ತವೆ. ಎಲ್ಲ ಪದರಗಳ ಹೊರಮೈಯನ್ನೂ ಮೇಲೆ ಮಾಡಿ ಹಾಸಿದರೆ ಎಡತೋಳಿಗೊಂದು ಬಲತೋಳಿಗೊಂದು ನಕ್ಷೆಯನ್ನು ಬೇರೆಬೇರೆಯಾಗಿ ಬರೆಯಬೇಕು. ಅವತ್ತು ಯಾವ ಬಗೆ ಎಂಬುದನ್ನು ಮಾಸ್ತರು ಬೆಳಿಗ್ಗೆ ಬಾಯಲ್ಲಿ ಹೇಳುವರು, ಹಾಸುವವಳು ಹಾಸುವಳು. ಚೀಟಿ ಗೀಟಿ ಇಲ್ಲ. ಚೀಟಿ ಕೇಳಿದರೆ ಮಾಸ್ತರಿಗೆ ಅವಮಾನ. ನಮ್ಮಲ್ಲಿ ನಡೆದುಬಂದದ್ದೇ ಹಾಗೆ.

ಒಂದು ದೊಡ್ಡ ಆಸ್ಪತ್ರೆಯ ದಾದಿಯರಿಗೆ ಕಡುನೀಲಿ ಕೋಟುಗಳು ಬೇಕಾಗಿದ್ದವು. ಬಟ್ಟೆ ನುಣುಪು, ಮುಖಕ್ಕೆ ಮುಖ ಹಾಸಿದರೆ ಜಾರುತ್ತಿತ್ತು. ಅದಕ್ಕೇ ಭಾವ ಅವತ್ತು ಬೆಳಿಗ್ಗೆ ಉದ್ದಕ್ಕನಿಗೆ, "ಎಲ್ಲಾ ಹೊರಮೈ ಮೇಲೆ ಹಾಸು" ಎಂದರು. ಯಂತ್ರಗಳಿನ್ನೂ ಶುರುವಾಗಿರಲಿಲ್ಲ. ನಾನು ನಾಲ್ಕು ಹೆಜ್ಜೆ ದೂರದಲ್ಲಿ ಇಸ್ತ್ರಿಗೆ ನೀರು ತುಂಬಿಸುತ್ತಿದ್ದೆ. ನನ್ನ ಎರಡು ಕಿವಿಯಿಂದ ಕೇಳಿದೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೇರೆ ಥರ ತಿಳಿದುಕೊಳ್ಳುವುದು ಬೇಡ.

ಉದ್ದಕ್ಕ ನೂರಿಪ್ಪತ್ತು ಪದರ ಹಾಸಿದಳು. ಅಷ್ಟರಲ್ಲಿ ಕಾರ್ಖಾನೆಯ ಯಜಮಾನಿ ಎರಡು ಸಲ ಮೇಲೆ ಬಂದು ಅವಸರ ಮಾಡಿ ಹೋದಳು. ಭಾವ ಬಂದು ನಕ್ಷೆಗಳನ್ನು ಹರಡಿ, ಸೀಮೆಸುಣ್ಣದಲ್ಲಿ ಬರೆದು, ವಿದ್ಯುತ್ ಕತ್ತರಿ ಓಡಿಸಿಬಿಟ್ಟರು. ಕೈ ತನ್ನ ಹಳೆಯ ಅಭ್ಯಾಸದಂತೆ ಒಂದೇ ತೋಳನ್ನು ಬರೆದಿತ್ತು. ಮಧ್ಯಾಹ್ನ ಹೊಲಿಗೆಯ ಸಾಲಿನಿಂದ ಒಬ್ಬಳು ಕೂಗಿದಳು: "ಮಾಸ್ತರೇ, ಬಲತೋಳು ಎಲ್ಲಿ?" ಹುಡುಕಿದರು. ಇರಲಿಲ್ಲ. ನೂರಿಪ್ಪತ್ತಕ್ಕೆ ನೂರಿಪ್ಪತ್ತೂ ಎಡತೋಳು. ಕತ್ತರಿಸುವ ಮೇಜಿನ ಮುಂದೆ ನಿಂತವರು ಬಿಟ್ಟರೆ ಲೋಕದಲ್ಲಿ ಇನ್ಯಾರೂ ಮಾಡಲಾರದ ತಪ್ಪು ಅದು. ಆ ಬಣ್ಣದ ಬಟ್ಟೆಯೂ ಅಷ್ಟೇ ಇದ್ದದ್ದು.

ಯಜಮಾನಿ ಮೆಟ್ಟಿಲು ಹತ್ತಿ ಬಂದಳು. ಅವಳು ಕೇಳಿದ್ದು, "ಹಾಸಿದ್ದು ಯಾರು?" ಎಂದು. ಹಾಸಲು ಹೇಳಿದ್ದು ಯಾರು ಎಂದು ಕೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೇನೋ. ಭಾವ ಉದ್ದಕ್ಕನ ಕಡೆ ನೋಡಿದರು. ಆಮೇಲೆ, "ಮುಖಕ್ಕೆ ಮುಖ ಅಂತ ಹೇಳಿದ್ದೆ" ಎಂದರು.

ಉದ್ದಕ್ಕ ತಿರುಗಿ ನೋಡಿದಳು. "ಹೊರಮೈ ಮೇಲೆ ಅಂದ್ರಲ್ಲ ಮಾಸ್ತರೇ?"

"ಹನ್ನೊಂದು ವರ್ಷದಿಂದ ಹಾಸ್ತಿದೀಯ. ನಾನು ಹೇಳಿದ್ದೇನು, ನೀನು ಮಾಡಿದ್ದೇನು? ತಲೆ ಎಲ್ಲಿಟ್ಟಿದ್ದೆ?"

ಆ ಕೊನೆಯ ಮಾತು ಎಲ್ಲಿಗೆ ತಾಗಿತೆಂದು ಭಾವನಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಉದ್ದಕ್ಕ ಹಣೆ ಮುಟ್ಟಿಕೊಂಡಳು. ವಾದಿಸುತ್ತಾಳೆ ಎಂದುಕೊಂಡಿದ್ದೆ. "ಹಾಗಂದ್ರಾ?" ಎಂದಳು, ಅಷ್ಟೆ. ನಾನು ತುಟಿ ಪಿಟಕ್ಕೆನ್ನಲಿಲ್ಲ. ನಾನಿದ್ದದ್ದು ಭಾವನ ಮನೆಯಲ್ಲಿ, ಇಸ್ತ್ರಿ ಹಿಡಿದದ್ದು ಭಾವನ ಮಾತಿನಿಂದ. ಅವರ ಹೊಟ್ಟೆಪಾಡು ಎಂದರೆ ಅಕ್ಕನದು, ಅಕ್ಕನದೆಂದರೆ ನನ್ನದು. ಲೆಕ್ಕ ಹಾಕಲು ನನಗೆ ಉಸಿರೆಳೆದು ಬಿಡುವಷ್ಟು ಹೊತ್ತೂ ಬೇಕಾಗಲಿಲ್ಲ. ಸಂಜೆಗೆ ಉದ್ದಕ್ಕನನ್ನು ಕೆಲಸದಿಂದ ತೆಗೆದರು. ಅವಳು ತನ್ನ ಮರದ ಅಳತೆಕೋಲನ್ನು ಮೇಜಿನ ಮೇಲೆ ಬಿಟ್ಟು, ಎಲ್ಲರಿಗೂ "ತಪ್ಪಾಯ್ತು" ಎಂದು ಹೇಳಿ ಹೋದಳು.

ಅವಳಿಗೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಹೊದಿಕೆ ಮಡಿಸುವ ಕೆಲಸ ಸಿಕ್ಕಿತು. ಒಂದು ವರ್ಷವಾದ ಮೇಲೆ ಬಸ್ ನಿಲ್ದಾಣದಲ್ಲಿ ಎದುರಾದಳು. ಅವಳು ಅರ್ಧ ದಾರಿ ಬಂದು ಮನೆಗೆ ಹಿಂತಿರುಗಿ, ಬೀಗ ಹಾಕಿದ್ದೇನೆಯೇ ಎಂದು ನೋಡಿ ಮತ್ತೆ ಬಂದಿದ್ದಳಂತೆ. "ಎರಡು ಸಲ ನೋಡ್ತೀನಿ ಕಣೇ. ಒಲೆ ಮಾತ್ರ ನಾಲ್ಕು ಸಲ" ಎಂದಳು. ಕೈಚೀಲದಲ್ಲಿ ಒಂದು ಪುಟ್ಟ ಪುಸ್ತಕ. ಯಾರು ಏನು ಹೇಳಿದರೂ ಅದರಲ್ಲಿ ಬರೆದುಕೊಳ್ಳುತ್ತಾಳೆ. "ಆ ದಿನ ಮಾಸ್ತರು ಕೂಗಾಡಿದ್ದು ಒಳ್ಳೇದೇ ಆಯ್ತು. ಇಲ್ಲಾಂದ್ರೆ ನಂಗೆ ಶುರುವಾಗಿದೆ ಅಂತ ಗೊತ್ತೇ ಆಗ್ತಿರಲಿಲ್ಲ." ಒಂದು ಬಸ್ಸು ಬಂತು. ಅದು ನನ್ನ ಬಸ್ಸಲ್ಲ, ಆದರೂ ಹತ್ತಿದೆ.

ಇತ್ತ ಭಾವ ಬದಲಾಗತೊಡಗಿದರು. ಮೊದಲು ನಾಲಿಗೆ ಮೆತ್ತಗಾಯಿತು. ಯಾರ ಭುಜದ ಸುದ್ದಿಗೂ ಹೋಗಲಿಲ್ಲ. ಆಮೇಲೆ ಕೈ ಮುಂದಾಯಿತು. ಬೀದಿಯ ಕೊನೆಯ ಮನೆಯ ಮುದುಕಪ್ಪನ ಕಾಲುಗಳು ಊದಿಕೊಂಡಿದ್ದವು, ಅವನ ಅಳತೆಗೆಂದೇ ಬದಿಯಲ್ಲಿ ಗುಂಡಿ ಇಟ್ಟು ಷರಾಯಿ ಹೊಲಿದುಕೊಟ್ಟರು. ಚರ್ಚಿನ ಹಿಂದಿನ ಕೊಠಡಿಯಲ್ಲಿ ಶನಿವಾರ ಮಧ್ಯಾಹ್ನ ಹೆಂಗಸರಿಗೆ ಕತ್ತರಿಸುವ ಕೆಲಸ ಹೇಳಿಕೊಟ್ಟರು. ಭಾನುವಾರದ ಆರಾಧನೆಯಲ್ಲಿ ಮೊದಲೆಲ್ಲ ಕೊನೆಯ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದವರು ಈಗ ಕಾಣಿಕೆಯ ತಟ್ಟೆ ಹಿಡಿಯುವವರಾದರು. ಕ್ರಿಸ್ತನ ಪ್ರೀತಿ ಎಂದರೆ ಮಾಸ್ತರನ್ನು ನೋಡಿ ಕಲಿಯಬೇಕು ಎಂದು ಪಾದ್ರಿಗಳೇ ಒಂದು ಸಲ ಹೇಳಿದರು. ಊರಿಗೆಲ್ಲ ಹೊಸ ಮಾಸ್ತರು ಕಂಡರು. ನನಗೆ ಕಂಡದ್ದು ಬೇರೆ. ಕೋಟಿನಲ್ಲಿದ್ದ ತೂತೊಂದನ್ನು ಹಾಗೇ ಬಿಟ್ಟು ಸುತ್ತಲೂ ಕಸೂತಿ ಹಾಕುವವರ ಹಾಗಿದ್ದರು ಅವರು. ಉದ್ದಕ್ಕ ಕೆಲಸ ಮಾಡುವ ಆಸ್ಪತ್ರೆಯ ಬೀದಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗಲೂ ಆ ಕಡೆಯ ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದರು.

ನಾನು ಹೀಗೆ ಹೇಳಿದರೆ ಅದೆಲ್ಲ ನಾಟಕ ಎಂದರ್ಥವಲ್ಲ. ಮುದುಕಪ್ಪನ ಕಾಲು ತೊಳೆದು ಅಳತೆ ತೆಗೆದದ್ದು ನಾಟಕವಾಗಲು ಸಾಧ್ಯವಿಲ್ಲ, ನಾನೇ ಪಕ್ಕದಲ್ಲಿ ನಿಂತು ಮೂಗು ಮುಚ್ಚಿಕೊಂಡಿದ್ದೆ. ಮನುಷ್ಯನ ಮನಸ್ಸು ಒಂದೇ ಏಟಿಗೆ ತಿರುಗುವುದಿಲ್ಲ ಎಂದು ನನಗನಿಸುತ್ತದೆ. ಸುಲಭದ ಕಡೆಯಿಂದ ತಿರುಗುತ್ತ ತಿರುಗುತ್ತ, ಕಷ್ಟದ ಕಡೆಗೆ ಬರುವಾಗ ನಿಂತುಬಿಡುತ್ತದೆ. ಭಾವ ಮೂರು ವರ್ಷ ಅಲ್ಲಿ ನಿಂತಿದ್ದರು. ನಾನು ಅವರನ್ನು ಮನಸ್ಸಿನಲ್ಲೇ ಹೀಯಾಳಿಸುತ್ತ ಅವರಿಗಿಂತ ಎಷ್ಟೋ ಹಿಂದೆ ನಿಂತಿದ್ದೆ.

ಆ ಭಾನುವಾರ ಪಾದ್ರಿಗಳು ಮಾತಾಡಿದ್ದು ಯೇಸುಸ್ವಾಮಿ ಹೇಳಿದ ಒಂದು ಕಷ್ಟದ ಮಾತಿನ ಮೇಲೆ. ಕಾಣಿಕೆ ಅರ್ಪಿಸಲು ಹೋದಾಗ ನಿನ್ನಿಂದ ನೊಂದವರು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವರ ಹತ್ತಿರ ಹೋಗು ಎನ್ನುವ ಮಾತು. ನೂರು ಸಲ ಕೇಳಿದ್ದೇ. ಆಮೇಲೆ ಹಾಡು ಶುರುವಾಯಿತು, ಭಾವ ತಟ್ಟೆ ಹಿಡಿದು ಸಾಲುಸಾಲಾಗಿ ಬಂದರು. ನಮ್ಮ ಸಾಲಿನ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಹಾಡು ಎರಡು ಚರಣ ಮುಂದೆ ಹೋಯಿತು. ಕೊನೆಗೆ ತಟ್ಟೆಯನ್ನು ಅಕ್ಕನ ತೊಡೆಯ ಮೇಲಿಟ್ಟು, "ನಂಗೆ ಸ್ವಲ್ಪ ಕೆಲಸ ಇದೆ" ಎಂದು ನಡುದಾರಿಯಲ್ಲಿ ನಡೆದು ಹೊರಗೆ ಹೋದರು. ಹಿಂದಿನ ಸಾಲಿನವರು ಹೊಟ್ಟೆ ಕೆಟ್ಟಿರಬೇಕೆಂದು ಪಿಸುಗುಟ್ಟಿದರು. ಅಕ್ಕ ತಟ್ಟೆಯನ್ನು ಏನು ಮಾಡಬೇಕೋ ತಿಳಿಯದೆ ತಾನೇ ಎದ್ದು ಉಳಿದ ಸಾಲುಗಳಿಗೆ ಹಿಡಿದಳು.

ನಾವು ಮನೆಗೆ ಬಂದಾಗ ಭಾವ ಅಡುಗೆಮನೆಯ ಮೇಜಿನ ಮುಂದೆ ಟೋಪಿ ಕೂಡ ತೆಗೆಯದೆ ಕೂತಿದ್ದರು. ಅಕ್ಕನಿಗೆ ಎಲ್ಲವನ್ನೂ ಹೇಳಿದರು. ನಕ್ಷೆ, ತೋಳು, ಯಜಮಾನಿಯ ಪ್ರಶ್ನೆ, ತಮ್ಮ ಉತ್ತರ. ಹೇಳುವಾಗ ಒಂದು ಸಲವೂ ತಲೆ ಎತ್ತಲಿಲ್ಲ. "ನಾಳೆ ಕಾರ್ಖಾನೇಲಿ ಎಲ್ಲರ ಮುಂದೆ ಹೇಳ್ತೀನಿ. ಆಮೇಲೆ ಅವಳ ಮನೆಗೆ ಹೋಗ್ತೀನಿ. ಕೆಲಸ ಹೋಗಬಹುದು."

"ಮೂರು ವರ್ಷ ಆಯ್ತು ಭಾವ. ಅವಳಿಗೂ ಬೇರೆ ಕೆಲಸ ಸಿಕ್ಕಿದೆ. ಈಗ ಕೆದಕಿ ಯಾರಿಗೇನು ಬಂತು? ಅಕ್ಕನ ಗತಿ ಯೋಚನೆ ಮಾಡಿದ್ರಾ?" ಎಂದೆ. ಅಕ್ಕನ ಗತಿಯಂತೆ! ಬಾಯಿಗೆ ಬಂದದ್ದು ಅಕ್ಕ, ಹೊಟ್ಟೆಯಲ್ಲಿದ್ದದ್ದು ನಾನು. ಭಾವ ಬಾಯಿಬಿಟ್ಟರೆ ಒಂದಲ್ಲ ಒಂದು ದಿನ ಯಾರಾದರೂ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದವಳಿಗೆ ಏನು ಕೇಳಿಸಿತ್ತು ಎಂದು ಕೇಳಿಯೇ ಕೇಳುತ್ತಾರಲ್ಲ. ನಾನು ಕೇಳಿಸಿಕೊಂಡಿದ್ದೆ ಎನ್ನುವುದು ಭಾವನಿಗೂ ಗೊತ್ತಿರಲಿಲ್ಲ.

ಅಕ್ಕ ಅವರ ತಲೆಯಿಂದ ಟೋಪಿ ತೆಗೆದು ಮೊಳೆಗೆ ತಗುಲಿಸಿದಳು. "ಹೋದ್ರೆ ಹೋಗ್ಲಿ. ಮೂರು ವರ್ಷದಿಂದ ನೀವು ನನ್ನ ಜೊತೆ ಒಂದು ಜಗಳಾನೂ ಆಡಿಲ್ಲ. ಏನೋ ದೊಡ್ಡ ಕಾಯಿಲೆ ಮುಚ್ಚಿಡ್ತಿದೀರ ಅಂತ ನಾನು ದಿನಾ ಹೆದರ್ತಿದ್ದೆ" ಎಂದಳು. ಆಮೇಲೆ ಬೆನ್ನು ತಿರುಗಿಸಿ ತುಂಬ ಹೊತ್ತು ಪಾತ್ರೆ ತೊಳೆದಳು. ಇದ್ದದ್ದೇ ಮೂರು ಪಾತ್ರೆ.

ಸೋಮವಾರ ಯಂತ್ರಗಳು ಶುರುವಾಗುವ ಮೊದಲು ಭಾವ ಯಜಮಾನಿಯನ್ನು ಮೇಲೆ ಕರೆಸಿದರು. ಕತ್ತರಿಸುವ ಮೇಜಿನ ಮುಂದೆ ನಿಂತು, "ಆ ನೂರಿಪ್ಪತ್ತು ತೋಳು ನನ್ನ ತಪ್ಪು. ಹೊರಮೈ ಮೇಲೆ ಅಂತ ಹೇಳಿದ್ದು ನಾನೇ. ಅವಳು ನಾನು ಹೇಳಿದ ಹಾಗೇ ಹಾಸಿದ್ದಳು. ನಾನು ಸುಳ್ಳು ಹೇಳಿ ಅವಳ ಕೆಲಸ ಕಳೆದೆ" ಎಂದರು.

ಆಮೇಲೆ ಆದದ್ದನ್ನು ಯಾರೂ ಎಣಿಸಿರಲಿಲ್ಲ. ಯಾರೂ ನಂಬಲಿಲ್ಲ. ಹೊಲಿಗೆಯ ಸಾಲಿನ ಹಿರಿಯಳೊಬ್ಬಳು ಕಣ್ಣಲ್ಲಿ ನೀರು ತಂದುಕೊಂಡು, "ಎಂಥಾ ದೊಡ್ಡ ಮನಸ್ಸು! ಅವಳನ್ನ ವಾಪಸ್ ತರೋಕೆ ತಪ್ಪನ್ನ ಮೈಮೇಲೆ ಎಳ್ಕೋತಿದಾರೆ" ಎಂದಳು. ಗುಂಡಿ ಹಾಕುವವನು ಬಂದು ಭಾವನ ಕೈ ಹಿಡಿದುಕೊಂಡು ಕುಲುಕಿದ. ಮೂರು ವರ್ಷ ಅವರು ಕಟ್ಟಿದ ಒಳ್ಳೆಯತನ ಈಗ ಅವರ ಬಾಯಿಗೇ ಅಡ್ಡ ನಿಂತಿತ್ತು. ಭಾವನಿಗೆ ಸಿಟ್ಟು ನೆತ್ತಿಗೇರಿತು. "ಸುಳ್ಳ ಕಣ್ರೋ ನಾನು! ಸುಳ್ಳ ಅಂತಿದ್ರೆ ಕೈ ಕುಲುಕ್ತೀರಲ್ಲ, ತಲೆ ಇದೆಯಾ ನಿಮಗೆ?" ಎಂದು ಗುಡುಗಿದರು. ಹಳೆಯ ಕತ್ತರಿ ಮಾಸ್ತರು ಬಂದರೆಂದು ನನಗೆ ನಗು ಬಂತು. ಆ ನಗುವಿನ ಹಿಂದೆಯೇ ನಾಚಿಕೆಯೂ ಬಂತು. ನಾನು ಒಂದು ಮಾತು ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ನಾನು ಇಸ್ತ್ರಿಗೆ ನೀರು ತುಂಬಿಸಿದೆ.

ಯಜಮಾನಿ ಮಾತ್ರ ಯಾರನ್ನೂ ಹೊಗಳುವ ಪೈಕಿಯವಳಲ್ಲ. "ಆಗ ಸುಳ್ಳು ಹೇಳಿದ್ರೋ ಈಗ ಹೇಳ್ತಿದೀರೋ ನಂಗೆ ಬೇಡ. ಎರಡರಲ್ಲಿ ಒಂದಂತೂ ಸುಳ್ಳು. ಮೇಜು ಬಿಡಿ" ಎಂದಳು. ಭಾವನ ಜಾಗಕ್ಕೆ ಅವರ ಶಿಷ್ಯನೇ ಬಂದ. ಇಪ್ಪತ್ತೆರಡು ವರ್ಷ ಮಾಸ್ತರಾಗಿದ್ದವರು ಅವತ್ತಿನಿಂದ ಬಟ್ಟೆ ಹಾಸುವವರಾದರು. ಕುಳ್ಳ ಕಾಲಿನಲ್ಲಿ ಮೇಜಿನ ಉದ್ದಕ್ಕೂ ಓಡಾಡಿ ಸಂಜೆಗೆ ಮಂಡಿ ಹಿಡಿದುಕೊಂಡು ಕೂತರು. "ಇದನ್ನ ಅವಳು ಹನ್ನೊಂದು ವರ್ಷ ಮಾಡಿದಳಾ?" ಎಂದು ನನ್ನನ್ನು ಕೇಳಿದರು.

ಕೋಟು ಹಾಕಿಕೊಳ್ಳುತ್ತ, "ಅವಳ ಮನೆಗೆ ನೀನೂ ಬಾ. ಒಬ್ಬನೇ ಹೋದ್ರೆ ಬಾಗಿಲ ತನಕ ಹೋಗಿ ವಾಪಸ್ ಬಂದುಬಿಡ್ತೀನೇನೋ" ಎಂದರು. ಇಪ್ಪತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು. ಹೇಗೆ ಇಲ್ಲವೆನ್ನಲಿ?

ಉದ್ದಕ್ಕನದು ನಾಲ್ಕನೆಯ ಮಹಡಿಯ ಒಂದೂವರೆ ಕೋಣೆ. ಆಗಷ್ಟೇ ಕೆಲಸದಿಂದ ಬಂದಿದ್ದಳು, ಬಿಸಿನೀರಿನ ಹಬೆಯಲ್ಲಿ ನಿಂತು ನಿಂತು ಮುಖ ಕೆಂಪಾಗಿತ್ತು. ನಮ್ಮನ್ನು ನೋಡಿ ಬೆರಗಾದರೂ ಒಳಗೆ ಕರೆದು ಕೂರಿಸಿದಳು. ಗೋಡೆಯ ತುಂಬ ಚೀಟಿಗಳು. ಒಲೆಯ ಮೇಲೊಂದು: ಆರಿಸು. ಬಾಗಿಲಿಗೊಂದು: ಬೀಗದ ಕೈ, ಚೀಲ, ಕನ್ನಡಕ. ಕನ್ನಡಿಯ ಮೂಲೆಯಲ್ಲಿ ಅವಳ ಹೆಸರು, ಅವಳ ವಿಳಾಸ. ಭಾವ ಒಂದೊಂದನ್ನೇ ಓದಿದರು. ಕನ್ನಡಿಯ ಮೇಲಿದ್ದದ್ದನ್ನು ಎರಡು ಸಲ ಓದಿದರು.

ಅವರು ಹೇಳಿದ್ದನ್ನು ಉದ್ದಕ್ಕ ಕೊನೆಯವರೆಗೂ ಕೇಳಿದಳು. ಆಮೇಲೆ ಅವರ ಮೇಲೆ ಕರುಣೆ ಬಂದವಳಂತೆ ತಲೆಯಾಡಿಸಿದಳು. "ನೀವು ಎಂಥಾ ಒಳ್ಳೆಯವರಾಗಿದೀರಿ ಅಂತ ಎಲ್ಲರೂ ಹೇಳ್ತಾರೆ ಮಾಸ್ತರೇ. ಆದ್ರೆ ನಂಗೋಸ್ಕರ ಸುಳ್ಳು ಹೇಳಬೇಡಿ. ನಾನು ಒಪ್ಕೊಂಡಾಗಿದೆ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು."

"ದೇವರಾಣೆಗೂ ಸುಳ್ಳಲ್ಲ!"

"ಆಣೆ ಇಡಬೇಡಿ. ಹಾಗೆ ಸುಖಾಸುಮ್ಮನೆ ಆಣೆ ಇಡಬಾರದು ಅಂತ ನಿಮ್ಮ ಚರ್ಚಲ್ಲೇ ಹೇಳಿಕೊಡ್ತಾರಲ್ಲ. ನಿಮಗೂ ವಯಸ್ಸಾಯ್ತು, ಮೂರು ವರ್ಷದ ಹಿಂದಿನದು ನಿಮಗೇ ನೆನಪಿರಲ್ಲ. ಕರುಣೆಯಿಂದ ಹೇಳಿದ ಮಾತನ್ನ ನಂಬಿಕೊಂಡು ನಾನು ಚೀಟಿ ಎಲ್ಲ ಕಿತ್ತುಹಾಕಿ, ನಾಳೆ ಒಲೆ ಹಾಗೇ ಬಿಟ್ಟು ಹೋದ್ರೆ?"

ಭಾವ ಅತ್ತುಬಿಟ್ಟರು. ಆ ದಪ್ಪ ದೇಹ ಅಲುಗುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಅವರ ಹತ್ತಿರ ಇದ್ದದ್ದು ಸತ್ಯ ಒಂದೇ, ಅದನ್ನು ಕೊಡಲು ಬಂದರೆ ತೆಗೆದುಕೊಳ್ಳುವವರಿಲ್ಲ. ಉದ್ದಕ್ಕ ಅವರಿಗೆ ನೀರು ತಂದುಕೊಟ್ಟು, ಲೋಟ ಕೊಟ್ಟೆ ಎಂಬುದನ್ನು ಮರೆಯದಿರಲು ಅದರತ್ತ ಮತ್ತೆ ಮತ್ತೆ ನೋಡಿದಳು.

ಆ ನೋಟವನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ನಾನು ಅಲ್ಲೇ ಇದ್ದೆ ಅಕ್ಕ" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಇಸ್ತ್ರಿಗೆ ನೀರು ತುಂಬಿಸ್ತಿದ್ದೆ. ಯಂತ್ರ ಇನ್ನೂ ಶುರುವಾಗಿರಲಿಲ್ಲ. ನಂಗೆ ಎಲ್ಲಾ ಕೇಳಿಸ್ತು. ಭಾವ 'ಎಲ್ಲಾ ಹೊರಮೈ ಮೇಲೆ ಹಾಸು' ಅಂದ್ರು."

ಉದ್ದಕ್ಕ ಆಗಲೂ ನಂಬಲಿಲ್ಲ. "ನೀನು ಅವರ ನಾದಿನಿ. ಇವತ್ತು ಅವರ ಜೊತೆ ಬಂದಿದೀಯ" ಎಂದಳು.

ಆಗ ಉಳಿದದ್ದನ್ನೂ ಹೇಳಿದೆ. ಇಲ್ಲಿ ಬರೆಯುವಾಗಲೂ ಮೇಲೆ ನಾನು ಆ ಮಾತನ್ನು ಬಿಟ್ಟಿದ್ದೇನೆ, ಅಷ್ಟು ಅಭ್ಯಾಸವಾಗಿಹೋಗಿದೆ ಅದನ್ನು ಬಿಟ್ಟು ಹೇಳುವುದು. "ನೀನು ತಿರುಗಿ ಕೇಳಿದೆ ಅಕ್ಕ. 'ಎಲ್ಲಾನೂ ಮೇಲೇನಾ ಮಾಸ್ತರೇ, ಒಂದೂ ತಿರುಗಿಸೋದು ಬೇಡ್ವಾ?' ಅಂದೆ. ಭಾವ 'ಎಷ್ಟು ಸಲ ಬೊಗಳಬೇಕು ನಿಂಗೆ?' ಅಂದ್ರು. ನೀನು ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡು ನಕ್ಕೆ. ನಾನೂ ನಕ್ಕೆ."

ಭಾವ ತಲೆ ಎತ್ತಿದರು. ಅವರಿಗೆ ಅದು ನೆನಪೇ ಇರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಉದ್ದಕ್ಕನಿಗೆ ಇತ್ತು. ಅವಳು ಗೋಡೆಗೆ ಕೈ ಊರಿ ಮೆಲ್ಲಗೆ ಹಾಸಿಗೆಯ ಅಂಚಿನ ಮೇಲೆ ಕೂತಳು.

"ನಾನು ಕೇಳಿದ್ನಾ? ತಿರುಗಿ ಕೇಳಿದ್ನಾ?"

"ಕೇಳಿದೆ."

"ಕೇಳಿದ್ದೆ" ಎಂದಳು. ಇನ್ನೊಂದು ಸಲ, ಸ್ವಲ್ಪ ಜೋರಾಗಿ, "ಕೇಳಿದ್ದೆ ನಾನು" ಎಂದಳು. ಆಮೇಲೆ ಎರಡು ಉದ್ದ ಕೈಗಳಿಂದ ತನ್ನ ತಲೆಯನ್ನು ಹಿಡಿದುಕೊಂಡು, ಕಳೆದುಹೋದ ಮಗು ಸಿಕ್ಕಿದವಳಂತೆ ಅದನ್ನು ಸವರತೊಡಗಿದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. ಭಾವ ನೆಲದ ಮೇಲೆ ಮಂಡಿಯೂರಿ, "ನನ್ನನ್ನ ಕ್ಷಮಿಸು ತಾಯಿ" ಎಂದರು.

ಕೊನೆಗೆ ಅವಳು ಅವರ ಭುಜದ ಮೇಲೆ ಕೈಯಿಟ್ಟಳು. "ಏಳಿ ಮಾಸ್ತರೇ. ನಿಮ್ಮನ್ನ ಕ್ಷಮಿಸಬಲ್ಲೆ ಅನ್ಸುತ್ತೆ. ಹೆದರಿ ಸುಳ್ಳು ಹೇಳಿದ್ರಿ, ಹೆದರಿಕೊಂಡೇ ಬಂದು ನಿಜ ಹೇಳಿದ್ರಿ." ಆಮೇಲೆ ನನ್ನನ್ನು ನೋಡಿದಳು. ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಪುಟ್ಟ ಪುಸ್ತಕ ತೆರೆದು ತೋರಿಸಿದ್ದವಳು. "ನೀನು ನನ್ನ ಜೊತೆ ನಕ್ಕಿದ್ದೆ" ಎಂದಳು, "ಮೂರು ವರ್ಷ ನಿಂಗೆ ಗೊತ್ತಿತ್ತು."

ಭಾವ ನನ್ನ ಪರವಾಗಿ ಏನೋ ಹೇಳಲು ಹೊರಟರು. ಉದ್ದಕ್ಕ ಕೈಯೆತ್ತಿ ತಡೆದಳು.

"ಇವಳ ಜೊತೆ ಇವತ್ತು ನಂಗೆ ಮಾತಾಡೋಕಾಗಲ್ಲ" ಎಂದು ಎದ್ದು ಬಾಗಿಲು ತೆರೆದಳು. ನಾನು ತಲೆ ತಗ್ಗಿಸಿ ಹೊಸ್ತಿಲು ದಾಟುತ್ತಿದ್ದಾಗ ಹಿಂದಿನಿಂದ ಅವಳ ದನಿ ಬಂತು. "ನಾಳೆ ಇದೇ ಹೊತ್ತಿಗೆ ಬಾ. ಭಾವನ್ನ ಕರ್ಕೊಂಡು ಬರಬೇಡ, ಒಬ್ಬಳೇ ಬಾ."

ಮರುದಿನ ನಾನು ಒಬ್ಬಳೇ ಹೋದೆ.